ಒಂದೇ ಧಕ್ಕೆ, ಎರಡು ಥರದ ದೋಣಿ

ನಮ್ಮ ನ್ಯೂಸ್ ರೂಮಿಗೆ ತಿಮಿಂಗಿಲ ಬರೋದು ಎರಡೇ ದಾರಿಯಲ್ಲಿ. ಒಂದು, ಕರಾವಳಿಯಲ್ಲಿ ಎಲ್ಲೋ ಅದರ ಕಳೇಬರ ತೇಲಿ ಬಂದಾಗ. ಇನ್ನೊಂದು, ಪೊಲೀಸರು ಅಂಬರ್‌ಗ್ರಿಸ್ ಹಿಡಿದಾಗ. ‘ತಿಮಿಂಗಿಲ ವಾಂತಿ, ಕೋಟಿ ಕೋಟಿ ಬೆಲೆ!’ ಅಂತ ಕೆಂಪು ಪಟ್ಟಿ ಓಡುತ್ತೆ. ನಾನೂ ಅದನ್ನು ಏರಿದ ದನಿಯಲ್ಲಿ ಓದಿದ್ದೇನೆ. ಅದು ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಹುಟ್ಟುವ ವಸ್ತು, ‘ವಾಂತಿ’ ಅನ್ನೋದು ನಮ್ಮ ಬಾಯಿಚಪಲ ಅಂತ ಗೊತ್ತಾಗಿದ್ದು ಆಮೇಲೆ. ಬದುಕಿರುವ ತಿಮಿಂಗಿಲ ನಮ್ಮ ಬುಲೆಟಿನ್‌ನಲ್ಲಿ ಹೆಡ್‌ಲೈನ್ ಆಗಿದ್ದು ನನಗೆ ನೆನಪಿಲ್ಲ.

2023ರ ಜೂನ್‌ನಲ್ಲಿ ಒಂದು ಅವಕಾಶ ಬಂದಿತ್ತು. ಐಸ್‌ಲ್ಯಾಂಡ್ ಸರ್ಕಾರ ತಿಮಿಂಗಿಲ ಬೇಟೆಗೆ ತಾತ್ಕಾಲಿಕ ತಡೆ ಹಾಕಿತು. ನಮ್ಮಲ್ಲಿ ಅದು ಇಪ್ಪತ್ತು ಸೆಕೆಂಡಿನ ಸುದ್ದಿ. ಓದಿ ಮುಗಿಸಿದೆ, ಮುಂದಿನ ಸುದ್ದಿಗೆ ಹೋದೆ. ಆದರೆ ಏಜೆನ್ಸಿಯವರು ಕಳಿಸಿದ ದೃಶ್ಯ ಮಾತ್ರ ತಲೆಯಿಂದ ಹೋಗಲಿಲ್ಲ. ರಾಜಧಾನಿ ರೇಕ್ಯಾವಿಕ್‌ನ ಹಳೇ ಬಂದರು. ಮೂತಿಯ ಮೇಲೆ ಈಟಿ ಹಾರಿಸುವ ಫಿರಂಗಿ ಹೊತ್ತ ಬೇಟೆ ಹಡಗುಗಳು ನಿಂತಿವೆ. ಅಲ್ಲೇ ಪಕ್ಕದಲ್ಲಿ ಇನ್ನೊಂದು ಥರದ ದೋಣಿಗಳು. ಟಿಕೆಟ್ ಕೈಯಲ್ಲಿ ಹಿಡಿದ ಪ್ರವಾಸಿಗರು ಬೈನಾಕ್ಯುಲರ್ ನೇತುಹಾಕಿಕೊಂಡು ಹತ್ತುತ್ತಿದ್ದಾರೆ. ಯಾಕೆ? ತಿಮಿಂಗಿಲ ನೋಡೋಕೆ!

ಕೊಲ್ಲೋಕೆ ಹೋಗುವ ಹಡಗು, ನೋಡೋಕೆ ಹೋಗುವ ದೋಣಿ, ಎರಡಕ್ಕೂ ಒಂದೇ ಧಕ್ಕೆ. ಇದು ಹೇಗಾಯ್ತು? ಸ್ವಲ್ಪ ಹಿಂದಕ್ಕೆ ಹೋಗೋಣ.

ಐಸ್‌ಲ್ಯಾಂಡ್ ಭಾಷೆಯಲ್ಲಿ ‘ಹ್ವಾಲ್‌ರೇಕಿ’ ಅನ್ನೋ ಪದವಿದೆ. ದಡಕ್ಕೆ ಬಂದು ಬಿದ್ದ ತಿಮಿಂಗಿಲ ಅಂತ ಅರ್ಥ. ಅದೇ ಪದಕ್ಕೆ ಇನ್ನೊಂದು ಅರ್ಥವೂ ಉಂಟು: ಅನಿರೀಕ್ಷಿತವಾಗಿ ಒಲಿದು ಬಂದ ಭಾಗ್ಯ. ಚಳಿಯ ಬಡ ದ್ವೀಪದಲ್ಲಿ ಒಂದು ತಿಮಿಂಗಿಲ ದಡ ಸೇರಿದರೆ ಇಡೀ ಊರಿಗೆ ಮಾಂಸ, ದೀಪಕ್ಕೆ ಎಣ್ಣೆ. ಅವರ ಪಾಲಿಗೆ ತಿಮಿಂಗಿಲ ಅಂದ್ರೆ ಅನ್ನ. ಇದನ್ನು ಮರೆತು ಅವರನ್ನು ಬೈಯೋದು ಸುಲಭ.

ಕಥೆ ಬದಲಾಗಿದ್ದು ಯಂತ್ರ ಬಂದ ಮೇಲೆ. ನಾರ್ವೆಯ ಸ್ವೆಂಡ್ ಫೊಯ್ನ್ 1870ರಲ್ಲಿ ಸಿಡಿಯುವ ಈಟಿಗೆ ಪೇಟೆಂಟ್ ಪಡೆದ. ಉಗಿ ಹಡಗು, ಮೂತಿಯಲ್ಲಿ ಫಿರಂಗಿ, ಮೈಯೊಳಗೆ ಹೊಕ್ಕು ಸ್ಫೋಟಿಸುವ ಈಟಿ. ಅಲ್ಲಿಯವರೆಗೆ ಯಾರ ಕೈಗೂ ಸಿಗದಷ್ಟು ವೇಗವಾಗಿ ಈಜುತ್ತಿದ್ದ ದೊಡ್ಡ ತಿಮಿಂಗಿಲಗಳೂ ಸಿಕ್ಕಿಬಿದ್ದವು. ನಾರ್ವೆಯ ಕಂಪನಿಗಳು ಐಸ್‌ಲ್ಯಾಂಡ್ ತೀರಕ್ಕೇ ಬಂದು ಠಿಕಾಣಿ ಹಾಕಿದವು. ಕೆಲವೇ ದಶಕಗಳಲ್ಲಿ ಸಮುದ್ರ ಖಾಲಿಯಾಗುತ್ತಾ ಬಂತು. 1915ರಲ್ಲಿ ಐಸ್‌ಲ್ಯಾಂಡ್ ಬೇಟೆಯನ್ನೇ ನಿಷೇಧಿಸಿತು. ಆದರೆ ಆ ನಿಷೇಧ ಶಾಶ್ವತವಾಗಿ ನಿಲ್ಲಲಿಲ್ಲ. 1948ರಲ್ಲಿ ರೇಕ್ಯಾವಿಕ್‌ನ ಉತ್ತರಕ್ಕಿರುವ ಹ್ವಾಲ್‌ಫ್ಯೋರ್ದುರ್ ಎಂಬ ಕಡಲ ಚಾಚಿನಲ್ಲಿ ‘ಹ್ವಾಲುರ್’ ಕಂಪನಿ ತಿಮಿಂಗಿಲ ಕಡಿಯುವ ಕಾರ್ಖಾನೆ ಶುರುಮಾಡಿತು.

1982ರಲ್ಲಿ ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗ ವಾಣಿಜ್ಯ ಬೇಟೆ ನಿಲ್ಲಿಸಬೇಕು ಅಂತ ತೀರ್ಮಾನಿಸಿತು. ಜಾರಿಗೆ ಬಂದಿದ್ದು 1986ಕ್ಕೆ. ಐಸ್‌ಲ್ಯಾಂಡ್ ಏನು ಮಾಡ್ತು ಗೊತ್ತಾ? ‘ವೈಜ್ಞಾನಿಕ ಸಂಶೋಧನೆ’ ಅಂತ ಬೋರ್ಡ್ ಬದಲಾಯಿಸಿ ಬೇಟೆ ಮುಂದುವರಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ‘ಸೀ ಷೆಫರ್ಡ್’ ಸಂಘಟನೆಯ ಇಬ್ಬರು ಇದೇ ಬಂದರಿಗೆ ನುಗ್ಗಿ, ಕಟ್ಟಿಹಾಕಿದ್ದ ಹ್ವಾಲುರ್ 6 ಮತ್ತು ಹ್ವಾಲುರ್ 7 ಹಡಗುಗಳೊಳಗೆ ನೀರು ನುಗ್ಗಿಸಿ ಮುಳುಗಿಸಿದರು. ಯಾರ ಪ್ರಾಣವೂ ಹೋಗಲಿಲ್ಲ. ಆದರೆ ಐಸ್‌ಲ್ಯಾಂಡ್ ಜನ ಕೆರಳಿದರು. ಹೊರಗಿನವರು ಬಂದು ನಮಗೆ ಬುದ್ಧಿ ಹೇಳೋದಾ ಅನ್ನೋ ಸಿಟ್ಟು. ಹೊರ ಒತ್ತಡಗಳು ಹೆಚ್ಚಿ 1989ರಲ್ಲಿ ಬೇಟೆ ನಿಂತಿತು. ಕೋಪ ನಿಲ್ಲಲಿಲ್ಲ.

ಹಡಗುಗಳು ಸುಮ್ಮನೆ ನಿಂತಿದ್ದ ಆ ಕಾಲದಲ್ಲೇ ಇನ್ನೊಂದು ಕಸುಬು ಸದ್ದಿಲ್ಲದೆ ಹುಟ್ಟಿಕೊಂಡಿತು. 1991ರಲ್ಲಿ ಹಪ್ನ್ ಎಂಬ ಊರಿನಿಂದ ಪ್ರವಾಸಿಗರನ್ನು ತಿಮಿಂಗಿಲ ತೋರಿಸಲು ಕರೆದೊಯ್ದರು. 1995ರಲ್ಲಿ ಉತ್ತರದ ಹೂಸಾವಿಕ್‌ನಲ್ಲಿ ಹಳೇ ಮರದ ಮೀನುಗಾರಿಕೆ ದೋಣಿಗಳೇ ಪ್ರವಾಸಿ ದೋಣಿಗಳಾದವು. ರೇಕ್ಯಾವಿಕ್ ಕೂಡ ಸೇರಿಕೊಂಡಿತು. ನಗರದ ಬಂದರಿನಿಂದ ಹೊರಟು ಫಾಕ್ಸಾಫ್ಲೋಯ್ ಕೊಲ್ಲಿಯಲ್ಲಿ ಸುಮಾರು ಮೂರು ಗಂಟೆಯ ಸುತ್ತಾಟ. ಮಿಂಕಿ ತಿಮಿಂಗಿಲ, ಹಂಪ್‌ಬ್ಯಾಕ್, ಡಾಲ್ಫಿನ್. ಅದೃಷ್ಟ ಇದ್ದರೆ ಬಾಲ ಎತ್ತಿ ಮುಳುಗುವ ದೃಶ್ಯ. 2016ರ ಹೊತ್ತಿಗೆ ದೇಶದಾದ್ಯಂತ ವರ್ಷಕ್ಕೆ 3 ಲಕ್ಷಕ್ಕೂ ಹೆಚ್ಚು ಜನ ಈ ದೋಣಿ ಹತ್ತುತ್ತಿದ್ದರು. ಆಗ ಐಸ್‌ಲ್ಯಾಂಡ್‌ನ ಜನಸಂಖ್ಯೆ ಎಷ್ಟು? ಅದೂ 3 ಲಕ್ಷ ಚಿಲ್ಲರೆ!

ಹಾಗಾದರೆ ಕ್ಯಾಮೆರಾ ಗೆದ್ದಿತು, ಈಟಿ ಸೋತಿತು ಅಂತ ಕಥೆ ಮುಗಿಸಬಹುದಾ? ಇಲ್ಲ ಕಣ್ರೀ. ‘ಸಂಶೋಧನೆ’ ಹೆಸರಿನ ಬೇಟೆ 2003ರಲ್ಲಿ ಮತ್ತೆ ಶುರುವಾಯ್ತು, 2006ರಲ್ಲಿ ನೇರವಾಗಿ ವಾಣಿಜ್ಯ ಬೇಟೆಯೇ ಬಂತು. ಮಿಂಕಿಗಳನ್ನು ಹೊಡೆದದ್ದು ಇದೇ ಫಾಕ್ಸಾಫ್ಲೋಯ್ ಕೊಲ್ಲಿಯಲ್ಲಿ. ಅದರ ಮಾಂಸ ಹೋಗಿದ್ದೆಲ್ಲಿಗೆ? ಬಂದರಿನ ಸುತ್ತಲಿನ ಹೋಟೆಲುಗಳಿಗೆ. ತಿಂದವರು? ಅವರಲ್ಲಿ ಪ್ರವಾಸಿಗರು ಬಹಳ! ಬೆಳಿಗ್ಗೆ ದೋಣಿಯಲ್ಲಿ ‘ಅಯ್ಯೋ ಎಷ್ಟು ಚೆಂದ’ ಅಂದ ಕೆಲವರೇ ರಾತ್ರಿ ‘ಇಲ್ಲಿಯ ಸ್ಪೆಷಲ್ ಏನು’ ಅಂತ ಕೇಳಿ ಅದನ್ನೇ ತರಿಸಿಕೊಂಡರು. ಕೊನೆಗೆ ದೋಣಿ ಮಾಲೀಕರ ಸಂಘ ಮತ್ತು ಪ್ರಾಣಿಪರ ಸಂಘಟನೆಗಳು ‘ನಮ್ಮನ್ನು ನೋಡಿ, ತಿನ್ನಬೇಡಿ’ ಅಂತ ಬೀದಿಯಲ್ಲಿ ನಿಂತು ಪ್ರಚಾರ ಮಾಡಬೇಕಾಯ್ತು.

ಈಗ 2023ಕ್ಕೆ ಬರೋಣ. ಹಿಂದಿನ ವರ್ಷ 148 ಫಿನ್ ತಿಮಿಂಗಿಲಗಳನ್ನು ಕೊಂದಿದ್ದರು. ನೀಲಿ ತಿಮಿಂಗಿಲ ಬಿಟ್ಟರೆ ಭೂಮಿಯ ಮೇಲೆ ಅದಕ್ಕಿಂತ ದೊಡ್ಡ ಪ್ರಾಣಿ ಇಲ್ಲ. ಅವುಗಳಲ್ಲಿ 58ರ ಸಾವನ್ನು ಸರ್ಕಾರಿ ಇಲಾಖೆ ಪರಿಶೀಲಿಸಿತು. 14 ತಿಮಿಂಗಿಲಗಳಿಗೆ ಒಂದಕ್ಕಿಂತ ಹೆಚ್ಚು ಸಲ ಈಟಿ ಹೊಡೆಯಬೇಕಾಗಿತ್ತು. ಈ ವರದಿ ನೋಡಿಯೇ ಸಚಿವೆ ಸ್ವಾಂದೀಸ್ ಸ್ವಾವರ್ಸ್‌ದೋತ್ತಿರ್ ಆಗಸ್ಟ್ ಕೊನೆಯವರೆಗೆ ಬೇಟೆ ತಡೆದರು. ಕಾರ್ಮಿಕ ಸಂಘ ಸಿಡಿದೆದ್ದಿತು. ಸೀಸನ್ ಸಂಬಳ ನಂಬಿದ ಮನೆಗಳ ಗತಿ ಏನು ಅಂತ ಕೇಳಿತು. ಆ ಪ್ರಶ್ನೆ ಸುಳ್ಳಲ್ಲ. ತಡೆ ಆದೇಶಕ್ಕೆ ಕಾನೂನಿನ ಗಟ್ಟಿ ಆಧಾರ ಇರಲಿಲ್ಲ ಅಂತ ಸಂಸತ್ತಿನ ಓಂಬುಡ್ಸ್‌ಮನ್ ಆಮೇಲೆ ಹೇಳಿದ್ದೂ ನಿಜ. ತಡೆ ಮುಗಿದ ಸೆಪ್ಟೆಂಬರ್‌ನಲ್ಲಿ ಇಬ್ಬರು ಹೆಣ್ಣುಮಕ್ಕಳು ಅದೇ ಬಂದರಿನಲ್ಲಿ ಬೇಟೆ ಹಡಗುಗಳ ಕಂಬ ಹತ್ತಿ ಒಂದು ದಿನಕ್ಕೂ ಹೆಚ್ಚು ಕಾಲ ಕೂತರು. ಇಳಿದ ಮೇಲೆ ಹಡಗು ಹೊರಟಿತು. ಆ ವರ್ಷ 24 ಸತ್ತವು.

2024ರಲ್ಲಿ, 2025ರಲ್ಲಿ ಒಂದೂ ಫಿನ್ ತಿಮಿಂಗಿಲವನ್ನು ಕೊಲ್ಲಲಿಲ್ಲ. ಕರುಣೆ ಬಂತಾ? 2024ರಲ್ಲಿ ಅನುಮತಿ ಕೈಸೇರಿದ್ದೇ ತಡ. 2025ರಲ್ಲಿ ಜಪಾನ್‌ನ ಮಾರುಕಟ್ಟೆಯಲ್ಲಿ ಬೆಲೆ ಸರಿಯಿಲ್ಲ ಅಂತ ಕಂಪನಿಯೇ ಹೇಳಿತು. ಅಷ್ಟರಲ್ಲಿ ಐದು ವರ್ಷದ ಹೊಸ ಪರವಾನಗಿ ಅದರ ಜೇಬಿನಲ್ಲಿತ್ತು.

ಇದರಲ್ಲಿ ನನಗೆ ಕಾಣೋದು ಇಷ್ಟು. ತಿಮಿಂಗಿಲ ಉಳಿದಾಗೆಲ್ಲ ಯಾವುದೋ ಲೆಕ್ಕಾಚಾರ ಅದರ ಪರ ಬಿದ್ದಿತ್ತು: ಸಮುದ್ರ ಖಾಲಿಯಾಗಿತ್ತು, ಇಲ್ಲವೇ ಹೊರಗಿನ ಒತ್ತಡ, ಇಲ್ಲವೇ ಮಾಂಸಕ್ಕೆ ಬೆಲೆ ಇರಲಿಲ್ಲ. ನೋಡುವ ದೋಣಿ ಬಂದಿದ್ದರಿಂದ ಜೀವಂತ ತಿಮಿಂಗಿಲಕ್ಕೂ ಊರಿನಲ್ಲೇ ಒಬ್ಬ ವಕೀಲ ಸಿಕ್ಕ. ಹಡಗು ಮುಳುಗಿಸಿದವರು ಹೊರಗಿನವರು ಅಂತ ಬೈಸಿಕೊಂಡರು. ಟಿಕೆಟ್ ಹರಿಯುವವನನ್ನು ಹಾಗೆ ಬೈಯೋಕಾಗಲ್ಲ, ಅವನು ಪಕ್ಕದ ಮನೆಯವನು. ಆದರೆ ಅವನ ವಾದ ನಿಂತಿರೋದೂ ದುಡ್ಡಿನ ಮೇಲೆಯೇ. ಪ್ರವಾಸಿ ಬರೋದು ನಿಂತರೆ ಆ ವಾದವೂ ನಿಲ್ಲುತ್ತೆ. ಕಾನೂನು ಮಾತ್ರ ಹಾಗಲ್ಲ. ಅದನ್ನೇ ಐಸ್‌ಲ್ಯಾಂಡ್ ಇನ್ನೂ ಬರೆದಿಲ್ಲ.

ನಮ್ಮಲ್ಲಿ ಕಾನೂನಿದೆ. ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. 1979ರಿಂದ ಹಿಂದೂ ಮಹಾಸಾಗರ ತಿಮಿಂಗಿಲಗಳ ಅಭಯಧಾಮ. ಕಾರವಾರದಿಂದ ಮಂಗಳೂರಿನವರೆಗಿನ ನಮ್ಮ ಕಡಲೂ ಅದರೊಳಗೇ ಬರುತ್ತೆ. ಇಲ್ಲದಿರೋದು ನೋಡುವ ಕಣ್ಣು. ಅದಕ್ಕೆ ನನ್ನ ಪಾಲೂ ಇದೆ. ವಾಂತಿಗೆ ಕೋಟಿ ಬೆಲೆ ಅಂತ ಕೂಗಿದವನು ನಾನು. ಆ ಪ್ರಾಣಿಯ ಬಗ್ಗೆ ಒಂದು ವಾಕ್ಯ ಸೇರಿಸಿರಲಿಲ್ಲ. ಮುಂದಿನ ಸಲ ಅಂಬರ್‌ಗ್ರಿಸ್ ಸುದ್ದಿ ಬಂದಾಗ ಆ ವಾಕ್ಯ ಓದ್ತೇನೆ. ಓದದಿದ್ದರೆ ನೀವೇ ಕೇಳಿ.