ಟಾರ್ಚಿನೊಳಗೆ ಬೋರ್ಡು ಬಂದ ಕಥೆ

ಮೂರು ಸೆಲ್ಲಿನ ಉದ್ದನೆಯ ಟಾರ್ಚು ನಿಮಗೂ ನೆನಪಿರಬೇಕು. ಬಿಚ್ಚಿದರೆ ಒಳಗೇನಿತ್ತು? ಸೆಲ್ಲು, ಬಲ್ಬು, ಸ್ಪ್ರಿಂಗು, ಒಂದು ತಗಡಿನ ಪಟ್ಟಿ. ಅಷ್ಟೇ! ಈಗಿನ ಪುಟ್ಟ ರೀಚಾರ್ಜ್ ಟಾರ್ಚಿನಲ್ಲಿ ಮಾತ್ರ ಒಂದು ಹಸಿರು ಬೋರ್ಡು ಕೂತಿರುತ್ತೆ. ಅಂಥದ್ದೊಂದನ್ನು ನಾನೇ ವಿನ್ಯಾಸ ಮಾಡಲು ಹೊರಟಾಗ ತಲೆಗೆ ಬಂದ ಪ್ರಶ್ನೆ: ಅಂದು ಬೇಡವಾಗಿದ್ದ ಬೋರ್ಡು ಇಂದು ಯಾಕೆ ಬೇಕು?

ಡೇವಿಡ್ ಮಿಸೆಲ್ ಅಮೆರಿಕದಲ್ಲಿ ಕೈದೀಪಕ್ಕೆ ಪೇಟೆಂಟ್ ಪಡೆದದ್ದು 1899ರಲ್ಲಿ. ಆಗಿನ ಸೆಲ್ಲುಗಳಿಗೆ ದಮ್ಮಿರಲಿಲ್ಲ. ಒಂದು ಕ್ಷಣ ಹೊತ್ತಿಸಿ ಆರಿಸಬೇಕಿತ್ತು, ಅದಕ್ಕೇ ಅಲ್ಲಿ ಅದು 'ಫ್ಲ್ಯಾಶ್‌ಲೈಟ್' ಆಯಿತು. ಮುಂದೆ ಬಂದ ಟಂಗ್‌ಸ್ಟನ್ ಬಲ್ಬಿನ ತಂತಿಯೋ ಬಹಳ ಸಾಧು. ಟಂಗ್‌ಸ್ಟನ್ ಬಿಸಿಯಾದಷ್ಟೂ ಅದರ ರೋಧ ಹೆಚ್ಚಿ, ಕರೆಂಟನ್ನು ತಾನೇ ತಡೆಯುತ್ತೆ. ಕಾವಲುಗಾರನ ಅಗತ್ಯವೇ ಇರಲಿಲ್ಲ.

ಆಮೇಲೆ ಎರಡೂ ಬದಲಾದವು. 1991ರಲ್ಲಿ ಸೋನಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. 1993ರಲ್ಲಿ ನಿಚಿಯಾ ಕಂಪನಿಯ ಶುಜಿ ನಾಕಾಮುರಾ ಪ್ರಖರ ನೀಲಿ ಎಲ್‌ಇಡಿ ತೋರಿಸಿದರು. ಅದಕ್ಕೆ ಹಳದಿ ಫಾಸ್ಫರ್ ಲೇಪಿಸಿ 1996ರಲ್ಲಿ ಬಿಳಿ ಎಲ್‌ಇಡಿ ಬಂತು. ಎಲ್‌ಇಡಿ ಬಲ್ಬಿಗೆ ತದ್ವಿರುದ್ಧ... ತಡೆಯದಿದ್ದರೆ ಬಿಸಿಯಾದಷ್ಟೂ ಹೆಚ್ಚು ಕರೆಂಟು ಎಳೆದು ಸುಟ್ಟುಹೋಗುತ್ತೆ. ಬ್ಯಾಟರಿಗೆ 4.2 ವೋಲ್ಟ್ ಮೀರಿ ತುಂಬಿದರೆ ಬೆಂಕಿಯ ಭಯ, ತೀರಾ ಬರಿದಾದರೆ ಅದು ಹಾಳು.

ಇವೆರಡಕ್ಕೂ 'ಸಾಕು' ಅನ್ನಲು ಬೋರ್ಡು ಬೇಕಾಯಿತು. ತಾಮ್ರದ ಹಾಳೆಯಲ್ಲಿ ಬೇಡದ್ದನ್ನು ಕರಗಿಸಿ ತಂತಿಯ ಬದಲು ಗೆರೆ ಉಳಿಸುವ ಈ ವಿದ್ಯೆಗೆ, ವಿಯೆನ್ನಾದಿಂದ 1936ರಲ್ಲಿ ಲಂಡನ್ನಿಗೆ ಬಂದ ಯಹೂದಿ ಎಂಜಿನಿಯರ್ ಪಾಲ್ ಐಸ್ಲರ್‌ಗೆ ಋಣಿಯಾಗಿರಬೇಕು.

ನನ್ನ ಬೋರ್ಡಿನಲ್ಲಿರುವುದು ಇಷ್ಟೇ: 4.2 ವೋಲ್ಟಿಗೆ ಚಾರ್ಜ್ ನಿಲ್ಲಿಸುವ ಟಿಪಿ4056 ಚಿಪ್ಪು, ಬ್ಯಾಟರಿ ಬರಿದಾಗದಂತೆ ಕಾಯುವ ಇನ್ನೊಂದು ಚಿಪ್ಪು, ಎಲ್‌ಇಡಿಗೆ ಒಂದು ರೆಸಿಸ್ಟರು. ಎಲ್‌ಇಡಿಗೆ 3.1 ವೋಲ್ಟ್ ಹೋದರೆ ಉಳಿಯುವುದು 1.1. ಅದನ್ನು 20 ಮಿಲಿಆಂಪಿಯರಿನಿಂದ ಭಾಗಿಸಿದರೆ 55 ಓಮ್. ಅಂಗಡಿಯಲ್ಲಿ ಸಿಗುವುದು 56, ನಡೆಯುತ್ತೆ.

ಗೋಡೆಯ ಪ್ಲಗ್ಗಿಗೆ ನೇರ ಚುಚ್ಚುವ ಅಗ್ಗದ ಟಾರ್ಚುಗಳ ಕಥೆ ಬೇರೆ. ಎಷ್ಟೋ ಟಾರ್ಚುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರದು. ಒಂದು ಕೆಪಾಸಿಟರು, ನಾಲ್ಕು ಡಯೋಡು, ಒಂದು ಲೆಡ್ ಆಸಿಡ್ ಬ್ಯಾಟರಿ ಇದ್ದರೆ ಮುಗಿಯಿತು. ಬ್ಯಾಟರಿ ತುಂಬಿದರೂ ನಿಲ್ಲಿಸುವವರಿಲ್ಲ. ಅದಕ್ಕಿಂತ ಹೆಚ್ಚಾಗಿ, ಚಾರ್ಜಿಗಿಟ್ಟಾಗ ಒಳಗಿನ ಭಾಗಗಳಿಗೆಲ್ಲ ಮನೆಯ 230 ವೋಲ್ಟಿನ ನೇರ ಸಂಪರ್ಕ! ಮೇಲಿನ ಪ್ಲಾಸ್ಟಿಕ್ ಒಡೆದಿದ್ದರೆ ದಯವಿಟ್ಟು ಅದನ್ನು ಪ್ಲಗ್ಗಿಗೆ ಹಾಕಬೇಡಿ. ಮಕ್ಕಳ ಕೈಗಂತೂ ಕೊಡಲೇಬೇಡಿ.