ಮಿದುಳುಕಾಂಡದಲ್ಲಿ ಸ್ಪರ್ಶಸಂಕೇತಗಳ ನಿಯಂತ್ರಣ: ಸಂಶೋಧನೆಯ ಇತಿಹಾಸ

ಚರ್ಮದಿಂದ ಹೊರಟ ಸ್ಪರ್ಶಸಂಕೇತಗಳು ಬೆನ್ನುಹುರಿಯ ಹಿಂಭಾಗದ ನರತಂತುಗಳಲ್ಲಿ ಮೇಲೇರಿ, ಮಿದುಳುಕಾಂಡದ ಕೆಳತುದಿಯಲ್ಲಿರುವ ನರಕೋಶಗುಚ್ಛಗಳನ್ನು ಸೇರುತ್ತವೆ. ಕಾಲಿನವು ಗ್ರಾಸಿಲ್ ಗುಚ್ಛಕ್ಕೂ ಕೈಯವು ಕ್ಯೂನಿಯೇಟ್ ಗುಚ್ಛಕ್ಕೂ ಬಂದು, ಅಲ್ಲಿಂದ ಥಲಾಮಸ್ ಮಾರ್ಗವಾಗಿ ಮಿದುಳಿನ ತೊಗಟೆಯನ್ನು ತಲುಪುತ್ತವೆ. ಈ ಹಾದಿಯ ನರಕಟ್ಟುಗಳನ್ನು ಜರ್ಮನಿಯ ಬುರ್ಡಾಖ್ ಮತ್ತು ಸ್ವಿಟ್ಜರ್ಲೆಂಡಿನ ಗೋಲ್ 19ನೆಯ ಶತಮಾನದಲ್ಲಿಯೇ ವರ್ಣಿಸಿದ್ದರೂ, ಗುಚ್ಛಗಳು ಬಂದದ್ದನ್ನು ಬಂದಂತೆಯೇ ದಾಟಿಸುತ್ತವೆಂಬ ಭಾವನೆ ಬಹುಕಾಲ ಉಳಿದಿತ್ತು.

ಮೇಲಿನ ಕೇಂದ್ರಗಳು ಕೆಳಗಿನಿಂದ ಬರುವ ಸಂಕೇತವನ್ನು ಬೆನ್ನುಹುರಿಯಲ್ಲಿಯೇ ಕುಗ್ಗಿಸಬಲ್ಲವೆಂದು ಹಾಗ್‌ಬಾರ್ತ್ ಮತ್ತು ಕೆರ್ 1954ರಲ್ಲಿ ತೋರಿಸಿದರು. ಆದರೆ ನಿಜವಾದ ತಿರುವು ಬಂದದ್ದು 1961ರಲ್ಲಿ ಎಂದೇ ಹೇಳಬೇಕು. ಬೆಕ್ಕಿನ ಮಿದುಳಿನ ತೊಗಟೆಯನ್ನು ವಿದ್ಯುತ್ತಿನಿಂದ ಪ್ರಚೋದಿಸಿದಾಗ ಈ ಗುಚ್ಛಗಳ ಕೆಲವು ಕೋಶಗಳು ತಣ್ಣಗಾಗುತ್ತವೆ, ಕೆಲವು ಚುರುಕಾಗುತ್ತವೆ ಎಂಬುದನ್ನು ಟೋವಿ ಮತ್ತು ಜಬ್ಬೂರ್ ಎರಡು ಜೊತೆಲೇಖನಗಳಲ್ಲಿ ಪ್ರಕಟಿಸಿದ್ದರಿಂದ, ನಿರೋಧಕ ಮತ್ತು ಉದ್ದೀಪಕ ಎಂಬ ಎರಡು ಬಗೆಯ ಹಿಮ್ಮುಖ ಸಂಕೇತಗಳೂ ಮೇಲಿನಿಂದ ಇಳಿದು ಬರುತ್ತವೆಂಬುದು ಖಚಿತವಾಯಿತು. ಇದರ ಒಳಬಗೆಯನ್ನು 1964ರಲ್ಲಿ ಆಂಡರ್ಸನ್, ಎಕ್ಲ್ಸ್ ಮತ್ತು ಸಂಗಡಿಗರು ಬಿಡಿಸಿದರು: ನಡುವಣ ಕೋಶಗಳು ಒಳಬರುವ ನರತಂತುವಿನ ತುದಿಯನ್ನೇ ಪ್ರಭಾವಿಸಿ, ಅದು ಮುಂದಿನ ಕೋಶಕ್ಕೆ ಸುರಿಸುವ ರಾಸಾಯನಿಕವನ್ನು ತಗ್ಗಿಸುತ್ತವೆ. ಸ್ವೀಕರಿಸುವ ಕೋಶವನ್ನು ಮುಟ್ಟದೆ ಕಳುಹಿಸುವ ತುದಿಯಲ್ಲಿಯೇ ತಡೆಯೊಡ್ಡುವ ಈ ಕ್ರಮಕ್ಕೆ ಪೂರ್ವಸಂಧಿ ನಿರೋಧ ಎನ್ನಬಹುದು.

ಪ್ರಾಣಿಯ ಬದುಕಿನಲ್ಲಿ ಇದರ ಉಪಯೋಗವೇನೆಂಬ ಪ್ರಶ್ನೆಗೆ ಗೆಜ್ ಮತ್ತು ಪೀಸಾ 1972ರಲ್ಲಿ ಉತ್ತರದ ಎಳೆಯೊಂದನ್ನು ಕಂಡರು: ಬೆಕ್ಕು ತಾನಾಗಿ ಅಂಗ ಚಲಿಸಿದಾಗ ಕ್ಯೂನಿಯೇಟ್ ಗುಚ್ಛದಲ್ಲಿ ಸಂಕೇತಗಳ ಸಾಗಾಟ ಕುಗ್ಗುತ್ತಿತ್ತು. ಬೀದರ ಸೀಮೆಯ ರಾಜೇಶ್ವರದಲ್ಲಿ ಜೋಳದ ರೊಟ್ಟಿ ಬಡಿಯುವವರ ಅಂಗೈಗೆ ಪ್ರತಿ ಬಡಿತವೂ ಸ್ಪರ್ಶವೇ ಆಗಿದ್ದರೂ, ಹಿಟ್ಟಿನ ಅಂಚು ಬಿರಿಯುವ ಸೂಕ್ಷ್ಮ ಸುಳಿವು ಆ ಗದ್ದಲದಲ್ಲಿ ಕಳೆದುಹೋಗಬಾರದೆಂದರೆ ಇಂತಹ ಸೋಸುವಿಕೆ ಬೇಕೇಬೇಕು. ಮುಂದೆ ಸ್ಪೇನಿನ ಕನೇಡೊ ಮತ್ತು ಸಂಗಡಿಗರು, ತೊಗಟೆಯು ತನ್ನೊಡನೆ ಚರ್ಮದ ಒಂದೇ ತಾಣವನ್ನು ಹಂಚಿಕೊಂಡ ಕೋಶಗಳನ್ನು ಉದ್ದೀಪಿಸಿ ಬೇರೆ ತಾಣದವನ್ನು ಅದುಮುತ್ತದೆಂದು ತೋರಿಸಿದರು. ಸ್ಪರ್ಶಚಿತ್ರ ಹರಿತವಾಗುವುದು ಹೀಗೆ.

ಭಾರತದ ಕೊಡುಗೆಯೂ ಇಲ್ಲಿ ಹಿರಿದಾಗಿದೆ. ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದಲ್ಲಿ ನೀರಜ್ ಜೈನ್ ಅವರ ತಂಡ, ಬೆನ್ನುಹುರಿಗೆ ಗಾಯವಾದ ಕೋತಿಗಳ ತೊಗಟೆಯಲ್ಲಿ ಕೈಯ ಜಾಗಕ್ಕೆ ಮುಖದ ಸ್ಪರ್ಶ ಹರಡಿಕೊಳ್ಳುವುದರ ಮೂಲ ಮಿದುಳುಕಾಂಡದಲ್ಲಿದೆಯೆಂದು, ಕ್ಯೂನಿಯೇಟ್ ಗುಚ್ಛವನ್ನು ನಿಷ್ಕ್ರಿಯಗೊಳಿಸಿ 2014ರಲ್ಲಿ ಸಾಧಿಸಿತು.

ಅಮೆರಿಕದ ಸಾಲ್ಕ್ ಸಂಸ್ಥೆಯ ತಂಡ 2021ರಲ್ಲಿ ಇಲಿಗಳ ಕ್ಯೂನಿಯೇಟ್ ಗುಚ್ಛದ ನಿರೋಧಕ ಕೋಶಗಳನ್ನು ಆರಿಸಿ ನಿಯಂತ್ರಿಸಿದಾಗ ಸ್ಪರ್ಶಸಂಕೇತ ಏರಿಳಿದದ್ದಲ್ಲದೆ ಮುಂಗಾಲಿನ ಕುಶಲ ಚಲನೆಯೂ ಬದಲಾಯಿತು. ತೊಗಟೆಯ ಸ್ಪರ್ಶಭಾಗದಿಂದ ಇಳಿದ ತಂತುಗಳು ಗುಚ್ಛದ ತಿರುಳನ್ನು ಸೇರಿದರೆ, ತೊಗಟೆಯ ಮುಂಭಾಗದವು ಅದನ್ನು ಸುತ್ತುವರಿದ ನಿರೋಧಕ ಕೋಶಗಳ ಹೊರಪದರವನ್ನು ಚಾಲನೆಗೊಳಿಸಿ ಸ್ಪರ್ಶವನ್ನು ತಡೆಯುತ್ತವೆಂದು ತಿಳಿದುಬಂದಿತು.