ಗಿನಿಹಂದಿಯ ಬೇಸಿಗೆ ಪಾಲನೆ: ಕುದೂರು ಸೀಮೆ

ಗಿನಿಹಂದಿ ಹಂದಿಯ ಜಾತಿಯದಲ್ಲ, ಆಫ್ರಿಕದ ಗಿನಿ ದೇಶದ್ದೂ ಅಲ್ಲ. ಇಲಿ, ಅಳಿಲುಗಳಂತೆ ಅದೂ ದಂಶಕ ಪ್ರಾಣಿ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಸಾಲಿನ ಜನ ಸಾವಿರಾರು ವರ್ಷಗಳ ಹಿಂದೆ ಮಾಂಸಕ್ಕಾಗಿ ಅದನ್ನು ಪಳಗಿಸಿದರು. ಹೆಸರು ಕೇಳಿ ಬಿಸಿಲು ನಾಡಿನದೆಂದು ಭಾವಿಸುವವರಿಗೆ ಈ ಮೂಲವೇ ಉತ್ತರ. ಅದಕ್ಕೆ ಹಿತವಾದ ಉಷ್ಣತೆ ಸುಮಾರು 18ರಿಂದ 24 ಡಿಗ್ರಿ ಸೆಲ್ಸಿಯಸ್. 27 ದಾಟಿದರೆ ಸಂಕಟ ಶುರುವಾಗುತ್ತದೆ, 30ರ ಮೇಲೆ ಜೀವಕ್ಕೇ ಅಪಾಯ. ಮಾಗಡಿ ತಾಲ್ಲೂಕಿನ ಕುದೂರು ಕಡೆ ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಮಾಮೂಲು. ನೆರೆಯ ಬೆಂಗಳೂರಿನಲ್ಲಿ 2016ರ ಏಪ್ರಿಲ್ 24ರಂದು 39.2 ಡಿಗ್ರಿ ದಾಖಲಾಗಿತ್ತು. ಎತ್ತರದ ಸೀಮೆ, ಇಲ್ಲಿನ ರಾತ್ರಿಗಳು ತಂಪಲ್ಲವೇ ಎಂದು ಕೇಳಬಹುದು. ತಂಪು ಹೌದು, ಆದರೆ ನಡುರಾತ್ರಿಯ ಮೇಲೆ. ಭೈರವನದುರ್ಗ, ಸಾವನದುರ್ಗದಂಥ ಬೋಳು ಬಂಡೆಗಳೂ ಸಿಮೆಂಟಿನ ತಾರಸಿಗಳೂ ಹಗಲು ಕುಡಿದ ಕಾವನ್ನು ಸಂಜೆಯುದ್ದಕ್ಕೂ ಕಕ್ಕುತ್ತಿರುತ್ತವೆ. ಪ್ರಾಣಿ ಬಳಲುವುದು ಮಧ್ಯಾಹ್ನಕ್ಕೂ ನಡುರಾತ್ರಿಗೂ ನಡುವಿನ ತಾಸುಗಳಲ್ಲಿ.

ಬಳಲಿಕೆಗೆ ಕಾರಣ ಅದರ ಮೈಕಟ್ಟು. ಇಲಿ ತನ್ನ ಬೋಳು ಬಾಲದಿಂದ, ಮೊಲ ಉದ್ದ ಕಿವಿಗಳಿಂದ ಮೈಯ ಕಾವನ್ನು ಹೊರಗೆ ಬಿಡುತ್ತದೆ. ಗಿನಿಹಂದಿಗೆ ಬಾಲವಿಲ್ಲ, ಕಿವಿ ಚಿಕ್ಕದು, ಮೈ ಗುಂಡುಗುಂಡಾಗಿ ರೋಮ ಹೊದ್ದದ್ದು. ಅದು ಮನುಷ್ಯರಂತೆ ಬೆವರುವುದಿಲ್ಲ, ನಾಯಿಯಂತೆ ತೇಕಿ ತಣಿಯಲೂ ಬಾರದು. ಹಾಗಾಗಿ ಎಲ್ಲರಿಗೂ ಮೊದಲು ಹೊಳೆಯುವ ಉಪಾಯವಾದ ಫ್ಯಾನು ಇಲ್ಲಿ ಹೆಚ್ಚು ಕೆಲಸಕ್ಕೆ ಬಾರದು. ಫ್ಯಾನಿನ ಗಾಳಿ ನಮಗೆ ಹಿತವೆನಿಸುವುದು ಅದು ನಮ್ಮ ಬೆವರನ್ನು ಆರಿಸುವುದರಿಂದ. ಬೆವರೇ ಇಲ್ಲದ ಪ್ರಾಣಿಯ ಮೇಲೆ ಬೀಸುವುದು ಬರೀ ಬಿಸಿಗಾಳಿ. ಆದ್ದರಿಂದ ತಣಿಸಬೇಕಾದದ್ದು ಪ್ರಾಣಿಯನ್ನಲ್ಲ, ಅದಿರುವ ಜಾಗವನ್ನು.

ಈ ವಿದ್ಯೆಯನ್ನು ಕುದೂರಿನವರು ಹೊರಗಿನಿಂದ ಕಲಿಯಬೇಕಿಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಗೂಡು ಒಯ್ಯುವ ಸೀಮೆ ಇದು. ಬೆಳೆದ ರೇಷ್ಮೆಹುಳುವಿಗೆ ಬೇಕಾದದ್ದು 23ರಿಂದ 25 ಡಿಗ್ರಿ, ಅಂದರೆ ಹೆಚ್ಚುಕಡಿಮೆ ಗಿನಿಹಂದಿಯ ಲೆಕ್ಕವೇ. ಬೇಸಿಗೆಯಲ್ಲಿ ಬೆಳೆಗಾರರು ಹುಳುಮನೆಯ ಚಾವಣಿಗೆ ತೆಂಗಿನ ಗರಿ ಹೊದಿಸುತ್ತಾರೆ, ಕಿಟಕಿಗೆ ನೆನೆಸಿದ ಗೋಣಿತಾಟು ಕಟ್ಟುತ್ತಾರೆ, ರಾತ್ರಿ ಕಿಟಕಿ ತೆರೆದು ಬಿಸಿಲೇರುವ ಮುಂಚೆ ಮುಚ್ಚುತ್ತಾರೆ. ಪಂಜರವಿರುವ ಕೋಣೆಗೂ ಇದೇ ಸಾಕು. ನೆನೆದ ಗೋಣಿಯ ಮೂಲಕ ಗಾಳಿ ಹಾಯುವಂತೆ ಇಟ್ಟರೆ ಮಾತ್ರ ಫ್ಯಾನಿಗೂ ಬೆಲೆ. ಪಂಜರವನ್ನು ತಾರಸಿಯ ಮೇಲೆ, ಶೀಟಿನ ಕೆಳಗೆ, ಪಡುವಣ ಗೋಡೆಯ ಬದಿಗೆ ಇಡಬಾರದು. ನೆಲಮಹಡಿಯ ನೆರಳಿನ ಮೂಲೆಯಲ್ಲಿಟ್ಟು ಒಳಗೊಂದು ಚಪ್ಪಡಿ ಕಲ್ಲು ಹಾಸಿದರೆ, ಪ್ರಾಣಿ ತಾನಾಗಿ ಬಂದು ಹಿಂಗಾಲು ಚಾಚಿ, ಗದ್ದವನ್ನು ಕಲ್ಲಿಗೆ ಒತ್ತಿ ಮಲಗುತ್ತದೆ. ನೀರು ಹೆಪ್ಪುಗಟ್ಟಿಸಿದ ಬಾಟಲಿಯನ್ನು ಬಟ್ಟೆ ಸುತ್ತಿ ಪಕ್ಕದಲ್ಲಿಡಬಹುದು. ಬೇಡವಾದಾಗ ಸರಿದುಹೋಗಲು ಅದಕ್ಕೆ ಜಾಗವಿರಬೇಕು.

ಹುಳುಮನೆಯ ಪದ್ಧತಿಗೆ ಒಂದು ಆಕ್ಷೇಪವುಂಟು, ಅದು ಸರಿಯೂ ಹೌದು. ಹುಳು ತೇವವನ್ನು ತಾಳುತ್ತದೆ, ಚಾಕಿ ಎನ್ನುವ ಎಳೆಹುಳುವಿನ ಹಂತದಲ್ಲಂತೂ ಶೇ. 80ಕ್ಕಿಂತ ಹೆಚ್ಚು ತೇವಾಂಶ ಬೇಡುತ್ತದೆ. ಗಿನಿಹಂದಿಗೆ ಅಷ್ಟು ತೇವವಾದರೆ ಚರ್ಮಕ್ಕೆ ಬೂಷ್ಟು, ಎದೆಗೆ ಸೋಂಕು. ಗೋಣಿಯ ಉಪಾಯ ನಡೆಯುವುದು ಮಾರ್ಚ್, ಏಪ್ರಿಲ್‌ನ ಒಣಗಾಳಿಯಲ್ಲಿ. ಮುಂಗಾರಿನ ಮೋಡ ಕವಿದು ಸೆಕೆ ಹಿಡಿದಾಗ ನೀರು ಆರುವುದಿಲ್ಲ, ತಂಪೂ ಆಗುವುದಿಲ್ಲ. ಆಗ ಗೋಣಿ ಬಿಚ್ಚಿ ಗಾಳಿಯಾಡಲು ಬಿಡುವುದೇ ಸರಿ. ಎ.ಸಿ. ಹಾಕಿದರಾಯಿತಲ್ಲ ಎನ್ನುವವರು ಬೇಸಿಗೆಯಲ್ಲಿ ಕರೆಂಟು ಹೋಗುವ ಹೊತ್ತನ್ನು ನೆನೆಯಬೇಕು. ತಣ್ಣನೆಯ ಮುಚ್ಚಿದ ಕೋಣೆ ದಿಢೀರನೆ ಕಾಯುವುದು ಮೊದಲಿನಿಂದಲೂ ಬೆಚ್ಚಗಿರುವುದಕ್ಕಿಂತ ಹಿತವಲ್ಲ.

ಮೇವಿನ ಮಾತು ಚಿಕ್ಕದು. ಗರಿಕೆ, ಒಣಹುಲ್ಲು ಸದಾ ಇರಬೇಕು. ಸೌತೆಕಾಯಿ ನೀರಿಗಾಗಿ ಸ್ವಲ್ಪ. ಮನುಷ್ಯರಂತೆ ಗಿನಿಹಂದಿಯೂ ಸಿ ಜೀವಸತ್ವವನ್ನು ಮೈಯಲ್ಲಿ ತಯಾರಿಸಲಾರದು. ನೀರಿಗೆ ಬೆರೆಸಿದ ಆ ಸತ್ವ ಬಿಸಿಲಲ್ಲಿ ಬೇಗ ಕೆಡುವುದರಿಂದ ದಪ್ಪ ಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಕೊಡುವುದು ಲೇಸು. ಹಿಪ್ಪುನೇರಳೆ ಸೊಪ್ಪನ್ನೂ ತಿನ್ನುತ್ತದೆ, ಆದರೆ ಔಷಧಿ ಹೊಡೆದ ತೋಟದ್ದು ಕೂಡದು.

ಜೊಲ್ಲು ಸುರಿಸುತ್ತ, ಮೇಲುಸಿರು ಬಿಡುತ್ತ, ಎಬ್ಬಿಸಿದರೂ ಏಳದೆ ಮಲಗಿದ್ದರೆ ಅದು ಬಿಸಿಲಾಘಾತ. ಗಬ್ಬದವು, ಕೊಬ್ಬಿದವು, ಉದ್ದ ರೋಮದವು ಇದಕ್ಕೆ ಮೊದಲು ತುತ್ತಾಗುತ್ತವೆ. ಗರ್ಭ ಎರಡು ತಿಂಗಳಿಗೂ ಮೀರುವುದುಂಟು, ಚಳಿ ಮುಗಿಯುವ ಹೊತ್ತಿಗೆ ಗಬ್ಬವಾದದ್ದು ಕಡುಬೇಸಿಗೆಯಲ್ಲೇ ಈಯುತ್ತದೆ. ಐಸ್ ನೀರಿನಲ್ಲಿ ಅದ್ದಿದರೆ ಚರ್ಮದ ರಕ್ತನಾಳಗಳು ಮುದುಡಿ ಕಾವು ಒಳಗೇ ಉಳಿಯುತ್ತದೆ. ನೆರಳಿಗೆ ಒಯ್ದು, ನಲ್ಲಿಯ ತಣ್ಣೀರಿನಲ್ಲಿ ನೆನೆಸಿದ ಬಟ್ಟೆಯಿಂದ ಕಿವಿ, ಪಾದಗಳನ್ನು ಒರೆಸುತ್ತ ಪಶುವೈದ್ಯರ ಬಳಿ ಸಾಗಿಸಬೇಕು. ಬಾಯಿಗೆ ನೀರು ಹೊಯ್ಯಬಾರದು, ಶ್ವಾಸಕೋಶಕ್ಕೆ ಇಳಿದೀತು. ಎದ್ದು ಓಡಾಡಿದರೂ ವೈದ್ಯರಿಗೆ ತೋರಿಸುವುದನ್ನು ಬಿಡುವಂತಿಲ್ಲ. ಮೂತ್ರಪಿಂಡಕ್ಕಾದ ಪೆಟ್ಟು ಹೊರಗೆ ಕಾಣಲು ಒಂದೆರಡು ದಿನ ಬೇಕಾಗಬಹುದು.